ತಕ್ಕಡಿಗೆ ಏರಿದ ಬ್ರೇಕು

ಮದ್ರಸದ ಉಸ್ತಾದನಿಗೂ ಕಾರಿನ ಬ್ರೇಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಬೆಳಿಗ್ಗೆ ಮದ್ರಸ, ಆಮೇಲೆ ಶಾಲೆ, ಸಂಜೆ ಮನೆಯಲ್ಲಿ ಉತ್ತರ ಪತ್ರಿಕೆಗಳು. ಇದರ ನಡುವೆ ನಮ್ಮ ಹಳೆಯ ಓಮ್ನಿಗೆ ಪೆಟ್ರೋಲ್ ಹಾಕುವುದು ಬಿಟ್ಟರೆ ಬೇರೇನೂ ನನಗೆ ಗೊತ್ತಿರಲಿಲ್ಲ. ಆದರೆ 2022ರ ನವೆಂಬರ್‌ನ ಒಂದು ರಾತ್ರಿ, ಇಶಾ ನಮಾಝ್ ಮುಗಿಸಿ ಊಟಕ್ಕೆ ಕುಳಿತಿದ್ದಾಗ ಶಾರ್ಜಾದಿಂದ ನನ್ನ ತಂಗಿಯ ಮಗನ ಫೋನ್ ಬಂತು.

"ಮಾಮ, ಒಂದು ಮಸ್‌ಅಲ ಕೇಳಬೇಕಿತ್ತು."

ಗಲ್ಫಿನಲ್ಲಿರುವ ನಮ್ಮ ಹುಡುಗರು ಮಸ್‌ಅಲ ಕೇಳುವುದು ಹೊಸದಲ್ಲ. ಡ್ಯೂಟಿಯ ನಡುವೆ ಜುಮಾ ತಪ್ಪಿದರೆ ಏನು ಮಾಡಬೇಕು, ಊರಿನ ಸಾಲ ತೀರದೆ ಉಮ್ರಾಕ್ಕೆ ಹೋಗಬಹುದೇ, ಇಂಥವು. ಈ ಸಲ ಅವನು ಕೇಳಿದ್ದು ಬೇರೆ. "ಮಾಮ, ಸವೆಯದ ಬ್ರೇಕನ್ನು ಸವೆದಿದೆ ಎಂದು ಹೇಳಿದರೆ ಅದು ಎಷ್ಟು ದೊಡ್ಡ ತಪ್ಪು?"

ಇದರಲ್ಲಿ ಮಸ್‌ಅಲ ಏನು ಬಂತು, ಸುಳ್ಳು ಸುಳ್ಳೇ ಅಲ್ಲವೇ ಎಂದು ಹೇಳಿ ಫೋನ್ ಇಡಬಹುದಿತ್ತು. ಆದರೆ ಅವನ ದನಿಯಲ್ಲಿ ಏನೋ ಇತ್ತು. ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೊದಲಿನಿಂದ ಹೇಳು ಎಂದೆ.

ಅವನು ಐ.ಟಿ.ಐ. ಮುಗಿಸಿ ಶಾರ್ಜಾದ ಕೈಗಾರಿಕಾ ಪ್ರದೇಶದ ಒಂದು ಗ್ಯಾರೇಜಿನಲ್ಲಿ ನಾಲ್ಕು ವರ್ಷಗಳಿಂದ ಕೆಲಸಕ್ಕಿದ್ದ. ಅಲ್ಲಿಗೆ ಒಬ್ಬ ಈಜಿಪ್ಟಿನ ಇಂಜಿನಿಯರ್ ತನ್ನ ಕಾರು ತಂದಿದ್ದರು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಪೋರ್ಷೆ. ಅದಕ್ಕೆ ಕಾರ್ಬನ್ ಸೆರಾಮಿಕ್ ಬ್ರೇಕ್. ಅವರು ಆ ಕಾರಿನಲ್ಲಿ ಮಾಡುತ್ತಿದ್ದುದಾದರೂ ಏನು? ಬೆಳಿಗ್ಗೆ ಶಾರ್ಜಾದಿಂದ ದುಬೈಗೆ ಆಫೀಸಿಗೆ ಹೋಗುವುದು, ಸಂಜೆ ಮರಳುವುದು. ಆ ರಸ್ತೆಯ ಟ್ರಾಫಿಕ್ ಕಂಡವರಿಗೆ ಗೊತ್ತು, ಅಲ್ಲಿ ಪೋರ್ಷೆಯೂ ಒಂದೇ, ನಮ್ಮ ಓಮ್ನಿಯೂ ಒಂದೇ. ಬೆಳಿಗ್ಗೆ ಹೊರಡುವಾಗ ಬ್ರೇಕ್ ಕಿರ್ರೆಂದು ಕೂಗುತ್ತದೆ, ದಿನಾ ಓಡಿಸುವ ಕಾರಿಗೆ ಈ ದುಬಾರಿ ಬ್ರೇಕ್ ಇರಬೇಕೇ, ತೆಗೆದು ಮಾಮೂಲಿ ಕಬ್ಬಿಣದ್ದನ್ನು ಹಾಕಿಸಲೇ ಎಂದು ಅವರು ಕೇಳಿದ್ದರು.

ಗ್ಯಾರೇಜಿನ ಯಜಮಾನ ನನ್ನ ಅಳಿಯನನ್ನು ಒಳಗೆ ಕರೆದು ಹೇಳಿದ್ದಿಷ್ಟು: "ಸೆರಾಮಿಕ್ ಸವೆದು ಹೋಗಿದೆ, ಇನ್ನು ಅಪಾಯ ಎಂದು ಹೇಳು. ಕಬ್ಬಿಣದ್ದನ್ನು ಹಾಕಿ ಕೊಡೋಣ. ಹಳೆಯದನ್ನು ಬಿಸಾಡುತ್ತೇವೆ ಎಂದು ಇಲ್ಲೇ ಇಟ್ಟುಕೊಳ್ಳೋಣ." ಬಿಸಾಡುವುದಕ್ಕಲ್ಲ, ಬೇರೆಯವರಿಗೆ ಮಾರುವುದಕ್ಕೆ. ಹುಡುಗನಿಗೂ ಅದರಲ್ಲಿ ಒಂದು ಪಾಲು ಇತ್ತು.

ಓದುಗರೇ, ಮಸ್‌ಅಲಕ್ಕೆ ಉತ್ತರ ಹೇಳುವ ಮೊದಲು ಆ ವಸ್ತು ಏನೆಂದು ತಿಳಿಯಬೇಕಲ್ಲ? ಆ ರಾತ್ರಿ ಮತ್ತು ಮರುದಿನ ರಾತ್ರಿ ಅವನೇ ನನಗೆ ಉಸ್ತಾದನಾದ. ಅವನು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಇಲ್ಲಿ ಬರೆಯುತ್ತೇನೆ.

ಸಾಮಾನ್ಯ ಕಾರಿನ ಬ್ರೇಕಿನ ತಟ್ಟೆ ಎರಕದ ಕಬ್ಬಿಣದ್ದು. ಕಾರ್ಬನ್ ಸೆರಾಮಿಕ್ ತಟ್ಟೆ ಹಾಗಲ್ಲ. ಕಾರ್ಬನ್ ನಾರಿನ ತುಣುಕುಗಳನ್ನು ರಾಳದೊಂದಿಗೆ ಕಲಸಿ, ಅಚ್ಚಿನಲ್ಲಿ ಒತ್ತಿ, ಗಾಳಿ ಸೋಕದ ಕುಲುಮೆಯಲ್ಲಿ ಸುಮಾರು ಸಾವಿರ ಡಿಗ್ರಿಯಲ್ಲಿ ಕಾಯಿಸುತ್ತಾರೆ. ಆಮೇಲೆ ಇನ್ನೂ ಹೆಚ್ಚಿನ ಶಾಖದಲ್ಲಿ ಕರಗಿದ ಸಿಲಿಕಾನನ್ನು ಅದರೊಳಗೆ ಇಂಗಿಸುತ್ತಾರೆ. ಸಿಲಿಕಾನ್ ಕರಗುವುದೇ 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾರ್ಬನ್ನೂ ಸಿಲಿಕಾನೂ ಸೇರಿ ಸಿಲಿಕಾನ್ ಕಾರ್ಬೈಡ್ ಆಗುತ್ತದೆ. ಕಲ್ಲಿನಂತೆ ಗಟ್ಟಿ, ಕಬ್ಬಿಣದ ಸರಿಸುಮಾರು ಅರ್ಧ ತೂಕ. ಒಂದು ತಟ್ಟೆ ತಯಾರಾಗಲು ವಾರಗಳೇ ಹಿಡಿಯುತ್ತವೆಯಂತೆ. ಬೆಲೆ ಏಕೆ ಅಷ್ಟೆಂದು ಆಗ ನನಗೆ ತಿಳಿಯಿತು.

ಇದರ ಅಣ್ಣನಂತಿರುವ ಕಾರ್ಬನ್ ಬ್ರೇಕ್ ಮೊದಲು ಬಂದದ್ದು ವಿಮಾನಗಳಿಗೆ. 1976ರಲ್ಲಿ ಪ್ರಯಾಣಿಕರ ಸೇವೆ ಆರಂಭಿಸಿದ ಕಾಂಕಾರ್ಡ್‌ನಲ್ಲಿ ಅದಿತ್ತು. ಆಮೇಲೆ ಫಾರ್ಮುಲಾ ಒನ್ ರೇಸಿಗೆ ಹೋಯಿತು. ಆದರೆ ಅದು ಚೆನ್ನಾಗಿ ಕಾದ ಮೇಲೆಯೇ ಸರಿಯಾಗಿ ಹಿಡಿಯುವಂಥದ್ದು, ರಸ್ತೆಯ ಕಾರಿಗೆ ಆಗದು. ತಣ್ಣಗಿರುವಾಗಲೂ ಹಿಡಿಯುವ ಸೆರಾಮಿಕ್ ಜಾತಿಯದ್ದನ್ನು ಪೋರ್ಷೆ ಕಂಪೆನಿ 2001ರಲ್ಲಿ ತನ್ನ 911 ಜಿಟಿ2 ಕಾರಿಗೆ ಕೊಟ್ಟಿತು. ಅದಕ್ಕೂ ಸ್ವಲ್ಪ ಮೊದಲು ಮರ್ಸಿಡಿಸ್‌ನವರು ಬೆರಳೆಣಿಕೆಯ ಕಾರುಗಳಿಗೆ ಹಾಕಿದ್ದರು.

"ಎಷ್ಟಾಗುತ್ತದೆ?" ಎಂದು ಕೇಳಿದೆ. ಹೊಸ 911 ಕೊಳ್ಳುವಾಗ ಇದೇ ಬೇಕೆಂದರೆ ಹೆಚ್ಚಿಗೆ ಎಂಟು ಒಂಬತ್ತು ಸಾವಿರ ಡಾಲರ್, ಅಂದರೆ ಮೂವತ್ತು ಸಾವಿರ ದಿರ್ಹಮಿನ ಆಸುಪಾಸು. ಆಗಿನ ಲೆಕ್ಕದಲ್ಲಿ ಆರೂವರೆ ಲಕ್ಷ ರೂಪಾಯಿ. ಹಾಳಾದ ಮೇಲೆ ನಾಲ್ಕನ್ನೂ ಬದಲಿಸುವುದಾದರೆ ಅದರ ದುಪ್ಪಟ್ಟನ್ನೂ ಮೀರಬಹುದು.

ನಾನು ಕೂಡಲೇ "ಇದು ಇಸ್ರಾಫ್, ಶುದ್ಧ ದುಂದುವೆಚ್ಚ" ಎಂದುಬಿಟ್ಟೆ. ಉಸ್ತಾದರುಗಳಿಗೆ ಈ ಅವಸರ ಇದೆ, ಒಪ್ಪಿಕೊಳ್ಳುತ್ತೇನೆ.

ಹುಡುಗ ನಕ್ಕ. "ಮಾಮ, ನೀವು ಚಾರ್ಮಾಡಿಯಲ್ಲಿ ಗಾಡಿ ಗೋಡೆಗೆ ಉಜ್ಜಿದ್ದು ನೆನಪಿದೆಯಾ?"

ನೆನಪಿಲ್ಲದೆ ಏನು! 2014ರ ಮೇ ತಿಂಗಳು. ಚಿಕ್ಕಮಗಳೂರಿನಲ್ಲಿ ಒಂದು ನಿಕಾಹ್ ಮುಗಿಸಿ ಬರುತ್ತಿದ್ದೆವು. ಗಾಡಿಯಲ್ಲಿ ನನ್ನ ಉಮ್ಮ, ಪತ್ನಿ, ಮೂವರು ಮಕ್ಕಳು, ಆಗ ಹೈಸ್ಕೂಲಿನಲ್ಲಿದ್ದ ಇದೇ ಅಳಿಯ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯತೊಡಗಿದೆ. ಪೆಟ್ರೋಲ್ ಉಳಿಯಲಿ ಎಂದು ನನಗೊಂದು ಅಭ್ಯಾಸವಿತ್ತು, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬ್ರೇಕಿನ ಮೇಲೆ ಕಾಲಿಟ್ಟು ಬರುವುದು. ಐದಾರು ತಿರುವು ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಹೊರಗಿನ ಯಾವುದೋ ಲಾರಿಯದ್ದಿರಬೇಕು ಎಂದುಕೊಂಡೆ. ಮುಂದಿನ ತಿರುವಿನಲ್ಲಿ ಒತ್ತಿದರೆ ಪೆಡಲ್ ಸೀದಾ ಕೆಳಗೆ ಹೋಯಿತು. ಅದರಡಿ ಏನೂ ಇಲ್ಲ. ಹತ್ತಿಯ ಮೇಲೆ ಕಾಲಿಟ್ಟಂತೆ.

ಉಮ್ಮ ಹಿಂದಿನಿಂದ ಏನೋ ಕತೆ ಹೇಳುತ್ತಲೇ ಇದ್ದರು. ನಾನು ನಾಲ್ಕೈದು ಬಾರಿ ತುಳಿದೆ, ಹ್ಯಾಂಡ್ ಬ್ರೇಕ್ ಎಳೆದೆ, ಹೇಗೋ ಗಿಯರಿಗೆ ಹಾಕಿದೆ. ಗಾಡಿ ಒಮ್ಮೆ ಕಿರುಚಿ ಎಡಬದಿಯ ಗುಡ್ಡದ ತಡೆಗೋಡೆಗೆ ಉಜ್ಜಿಕೊಂಡು ನಿಂತಿತು. ಬಲಬದಿಯಲ್ಲಿ ಕಣಿವೆ. ಅಲ್‌ಹಮ್ದುಲಿಲ್ಲಾಹ್, ಯಾರಿಗೂ ಒಂದು ಗೀರು ಕೂಡ ಆಗಲಿಲ್ಲ. ನಾನು ಮಾತ್ರ ಇಳಿದವನು ರಸ್ತೆಯ ಬದಿಯಲ್ಲಿ ಕುಳಿತುಬಿಟ್ಟೆ, ಮೊಣಕಾಲು ನಿಲ್ಲುತ್ತಿರಲಿಲ್ಲ.

ಹಿಂದಿನಿಂದ ಬಂದ ಲಾರಿ ನಿಂತಿತು. ಅದರ ಡ್ರೈವರ್ ಚಕ್ರದ ಹತ್ತಿರ ಕೈಯಾಡಿಸಿ, ನಾನು ನೀರು ಸುರಿಯಲು ಹೊರಟದ್ದನ್ನು ತಡೆದು, ತುಳುವಿನಲ್ಲಿ ಗದರಿದ. "ಬ್ಯಾರಿಗಳೇ, ಹತ್ತುವಾಗ ಯಾವ ಗಿಯರೋ ಇಳಿಯುವಾಗಲೂ ಅದೇ ಗಿಯರ್. ಮಕ್ಕಳನ್ನು ಕೂರಿಸಿಕೊಂಡು ನ್ಯೂಟ್ರಲಿನಲ್ಲಿ ಬರುತ್ತೀರಲ್ಲ!" ಮುಕ್ಕಾಲು ಗಂಟೆ ನಮ್ಮ ಜೊತೆಯೇ ನಿಂತ. ತಣ್ಣಗಾದ ಮೇಲೆ ಪೆಡಲ್ ಮರಳಿ ಗಟ್ಟಿಯಾಯಿತು. ಸೆಕೆಂಡ್ ಗಿಯರಿನಲ್ಲಿ ಕಕ್ಕಿಂಜೆವರೆಗೆ ಅವನ ಲಾರಿಯ ಹಿಂದೆಯೇ ಬಂದೆವು. ಅವನ ಹೆಸರು ಕೇಳಲೂ ನನಗೆ ತೋಚಲಿಲ್ಲ.

ಮರುದಿನ ಊರಿನ ಮೆಕ್ಯಾನಿಕ್ ಬ್ರೇಕ್ ಆಯಿಲ್ ತೆಗೆದು ಬಾಟಲಿಯಲ್ಲಿ ತೋರಿಸಿದ. ಕರಿ ಚಹಾದ ಬಣ್ಣ. "ಉಸ್ತಾದರೇ, ಇದನ್ನು ಬದಲಿಸಿ ಎಷ್ಟು ಸಮಯ ಆಯಿತು?" ಐದು ವರ್ಷ ಆಗಿತ್ತು. ಕಡಿಮೆಯಾದಾಗ ಮೇಲಿಂದ ಸ್ವಲ್ಪ ಹೊಯ್ದದ್ದು ಬಿಟ್ಟರೆ ಪೂರ್ತಿ ಬದಲಿಸಿರಲೇ ಇಲ್ಲ. ಈ ಎಣ್ಣೆಗೆ ಗಾಳಿಯಲ್ಲಿರುವ ನೀರಿನ ಪಸೆಯನ್ನು ಹೀರುವ ಗುಣವಿದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕೇಳಬೇಕೇ? ಡಾಟ್ 3 ಎಂಬ ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ. ಎಣ್ಣೆಯನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಹೋಗುತ್ತದೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆಯೇ ಕುಗ್ಗುತ್ತದೆ. ಅಷ್ಟೇ ಕತೆ. ಎಣ್ಣೆ, ಕೂಲಿ ಎಲ್ಲ ಸೇರಿ ಅವನು ತೆಗೆದುಕೊಂಡದ್ದು ನಾಲ್ಕು ನೂರು ರೂಪಾಯಿ.

ನಾನು ಓದಿದ್ದು ಬಿ.ಎ. ನಮ್ಮ ಶಾಲೆಯ ವಿಜ್ಞಾನದ ಮಾಸ್ಟ್ರು ಆಮೇಲೆ ಒಂದು ಲೆಕ್ಕ ಮಾಡಿ ತೋರಿಸಿದರು. ಘಾಟಿಯಲ್ಲಿ ಐದುನೂರು ಮೀಟರ್ ಎತ್ತರ ಇಳಿದೆವು ಎಂದಿಟ್ಟುಕೊಂಡರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಅದೇ ಗಾಡಿಯನ್ನು ಮೂವತ್ತೈದು ಬಾರಿ ನಿಲ್ಲಿಸಿದಷ್ಟು ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಗಿಯರಿನಲ್ಲಿದ್ದರೆ ಎಂಜಿನ್ ತನ್ನ ಪಾಲು ಹೊರುತ್ತದೆ, ಗಾಳಿಯೂ ಸ್ವಲ್ಪ ಹೊರುತ್ತದೆ. ನಾನು ನ್ಯೂಟ್ರಲ್ ಮಾಡಿ ಎಂಜಿನಿಗೆ ರಜೆ ಕೊಟ್ಟಿದ್ದೆ. ಉಳಿದದ್ದೆಲ್ಲ ಬ್ರೇಕಿನ ತಲೆಗೆ.

ಹುಡುಗ ಫೋನಿನಲ್ಲಿ ನೆನಪಿಸಿದ್ದು ಇದನ್ನೇ. "ಬ್ರೇಕಿನ ಶತ್ರು ಶಾಖ ಮಾಮ. ರೇಸ್ ಟ್ರ್ಯಾಕಿನಲ್ಲಿ ಇನ್ನೂರರ ವೇಗದಿಂದ ಮತ್ತೆ ಮತ್ತೆ ನಿಲ್ಲಿಸುವವನಿಗೆ, ಜಬಲ್ ಹಫೀತ್‌ನಂಥ ಬೆಟ್ಟವನ್ನು ವೇಗವಾಗಿ ಇಳಿಯುವವನಿಗೆ ಸೆರಾಮಿಕ್ ಸುಮ್ಮನೆ ಶೋಕಿ ಅಲ್ಲ. ಕಬ್ಬಿಣ ಬಳಲುವಲ್ಲಿ ಅದು ಬಳಲುವುದಿಲ್ಲ."

"ಹಾಗಾದರೆ ನಮ್ಮ ಓಮ್ನಿಗೆ ಅದಿದ್ದರೆ ಅಂದು ನಿಲ್ಲುತ್ತಿತ್ತೇ?"

"ಇಲ್ಲ ಮಾಮ. ನಿಮ್ಮ ಆ ಎಣ್ಣೆಗೆ ಯಾವ ತಟ್ಟೆ ಹಾಕಿದರೂ ಅಷ್ಟೇ."

ಈ ಒಂದು ಮಾತಿಗೆ ನಾನು ಬಹಳ ಹೊತ್ತು ಸುಮ್ಮನಿದ್ದೆ. ಅಲ್ ಫುರ್‌ಖಾನ್ ಅಧ್ಯಾಯದಲ್ಲಿ ದುಂದಿಗೂ ಜಿಪುಣತನಕ್ಕೂ ನಡುವಿನ ದಾರಿಯ ಪ್ರಸ್ತಾಪವಿದೆ. ನಾನು ಎಷ್ಟೋ ಬಾರಿ ಮಕ್ಕಳಿಗೆ ಪಾಠ ಮಾಡಿದ್ದೇನೆ, ದುಂದಿನ ಕಡೆಗೆ ಬೆರಳು ತೋರಿಸುತ್ತಲೇ. ನಾಲ್ಕು ನೂರು ರೂಪಾಯಿ ಉಳಿಸಲು ಆರು ಜೀವಗಳನ್ನು ಕಣಿವೆಯ ಅಂಚಿಗೆ ತಂದವನು ನಾನೇ ಎಂಬುದು ಆ ಪಾಠದಲ್ಲಿ ಎಂದೂ ಬಂದಿರಲಿಲ್ಲ. ಒಂಟೆಯ ಕಾಲು ಕಟ್ಟುವ ಹದೀಸ್ ಕೂಡ ನನ್ನ ಪಾಠದ್ದೇ.

ಈಗ ಆ ಇಂಜಿನಿಯರರ ಪ್ರಶ್ನೆಗೆ ಬರೋಣ. ದಿನಾ ಆಫೀಸಿಗೆ ಹೋಗುವ ಕಾರಿಗೆ ಸೆರಾಮಿಕ್ ಬ್ರೇಕ್ ಬೇಕೇ? ಕಾರು ನಿಲ್ಲುವುದು ಕೊನೆಗೆ ಟಯರು ರಸ್ತೆಯನ್ನು ಹಿಡಿಯುವುದರಿಂದ. ಒಳ್ಳೆಯ ಸ್ಥಿತಿಯಲ್ಲಿರುವ ಕಬ್ಬಿಣದ ಬ್ರೇಕಿಗೂ ಚಕ್ರವನ್ನು ಪೂರ್ತಿ ಕಟ್ಟಿಹಾಕುವ ಶಕ್ತಿಯಿದೆ, ಆಗ ಚಕ್ರ ಜಾರದಂತೆ ಎ.ಬಿ.ಎಸ್. ಅದನ್ನು ಬಿಟ್ಟು ಹಿಡಿಯುತ್ತದೆ. ಒಣ ರಸ್ತೆಯಲ್ಲಿ ನೂರರ ವೇಗದಲ್ಲಿರುವ ಕಾರು ನಿಲ್ಲಲು ನಲವತ್ತು ಮೀಟರಿನ ಆಸುಪಾಸು ಬೇಕು. ಒಮ್ಮೆ ನಿಲ್ಲಿಸುವುದಾದರೆ ಸೆರಾಮಿಕ್ಕಿನಿಂದ ಅದರಲ್ಲಿ ಹೇಳಿಕೊಳ್ಳುವಷ್ಟು ಕಡಿಮೆಯಾಗದು. ಆದರೆ ಚಾಲಕ ಫೋನ್ ನೋಡುತ್ತ ಒಂದು ಸೆಕೆಂಡ್ ತಡ ಮಾಡಿದರೆ, ಬ್ರೇಕ್ ಮುಟ್ಟುವ ಮೊದಲೇ ಕಾರು 28 ಮೀಟರ್ ಮುಂದೆ ಹೋಗಿರುತ್ತದೆ. ಯಾವ ಆರು ಲಕ್ಷ ಅದನ್ನು ಮರಳಿ ತರುತ್ತದೆ?

ಸೆರಾಮಿಕ್ಕಿಗೆ ಒಳ್ಳೆಯ ಗುಣಗಳೂ ಇವೆ. ತುಕ್ಕು ಹಿಡಿಯುವುದಿಲ್ಲ, ರಿಮ್ಮಿಗೆ ಕಪ್ಪು ಧೂಳು ಕೂರುವುದು ಬಹಳ ಕಡಿಮೆ, ಚಕ್ರದ ಭಾರ ಇಳಿಯುವುದರಿಂದ ಕಾರು ಹಗುರಾಗಿ ತಿರುಗುತ್ತದೆ. ಊರಿನ ರಸ್ತೆಯಲ್ಲಷ್ಟೇ ಓಡಿಸಿದರೆ ಒಂದು ಲಕ್ಷ ಕಿ.ಮೀ. ದಾಟಿಯೂ ಬಾಳುತ್ತದೆ. ವಿಚಿತ್ರವೆಂದರೆ ಅದು ಬೇಗ ಸವೆಯುವುದು, ಅದು ನಿಜವಾಗಿ ಬೇಕಾಗಿರುವ ರೇಸ್ ಟ್ರ್ಯಾಕಿನಲ್ಲೇ. ವಿಪರೀತ ಶಾಖಕ್ಕೆ ಅದರೊಳಗಿನ ಕಾರ್ಬನ್ ಸುಟ್ಟುಹೋಗುತ್ತದೆ. ಇನ್ನೊಂದು ಭಯ ಪಂಕ್ಚರ್ ಅಂಗಡಿಯದ್ದು. ಟಯರ್ ಬಿಚ್ಚುವಾಗ ಭಾರದ ರಿಮ್ಮು ತಾಗಿದರೆ ತಟ್ಟೆಯ ಅಂಚು ಪಿಂಗಾಣಿಯಂತೆ ಚೂರೇಳುತ್ತದೆ. ಗೊತ್ತಿದ್ದವರು ಬೋಲ್ಟಿನ ಜಾಗಕ್ಕೆ ಉದ್ದದ ಕಡ್ಡಿ ತಿರುಗಿಸಿ ಅದರ ಮೇಲೆ ಜಾರಿಸಿ ತೆಗೆಯುತ್ತಾರಂತೆ.

ಆದ್ದರಿಂದ ನನ್ನ ಅಳಿಯನ ಅಭಿಪ್ರಾಯ, ಈಗ ನನ್ನದೂ ಹೌದು, ಹೀಗಿದೆ: ಆಫೀಸಿಗೆ ಹೋಗುವ ಕಾರಿಗೆ ಹಣ ಕೊಟ್ಟು ಇದನ್ನು ಹಾಕಿಸಿಕೊಳ್ಳುವುದಕ್ಕೆ ಅರ್ಥವಿಲ್ಲ. ಕಾರಿನ ಜೊತೆಗೆ ಬಂದಿದ್ದು ಚೆನ್ನಾಗಿಯೇ ಇದ್ದರೆ ಹಣ ಕೊಟ್ಟು ತೆಗೆಸುವುದಕ್ಕೂ ಅರ್ಥವಿಲ್ಲ.

ಯಜಮಾನನ ಸುಳ್ಳು ಎಷ್ಟು ಜಾಣತನದ್ದು ನೋಡಿ. "ದಿನಬಳಕೆಗೆ ಕಬ್ಬಿಣ ಸಾಕು" ಎಂಬ ಅರ್ಧ ನಿಜದ ಒಳಗೆ "ನಿಮ್ಮದು ಸವೆದಿದೆ" ಎಂಬ ಸುಳ್ಳನ್ನು ಅಡಗಿಸಿದ್ದ. ಅದನ್ನು ಗಿರಾಕಿ ಹಿಡಿಯುವುದೂ ಕಷ್ಟ. ಕಬ್ಬಿಣ ಸವೆದರೆ ಅಂಚಿನಲ್ಲಿ ಬೆರಳಿಗೆ ಏಣು ಸಿಗುತ್ತದೆ. ಸೆರಾಮಿಕ್ಕಿನ ಸವೆತ ಹಾಗೆ ಕಣ್ಣಿಗೆ, ಬೆರಳಿಗೆ ಸುಲಭದಲ್ಲಿ ಸಿಗುವುದಿಲ್ಲ. ಅದರ ಕಾರ್ಬನ್ ಎಷ್ಟು ಉಳಿದಿದೆ ಎಂದು ಅಳೆಯುವ ಉಪಕರಣವೊಂದಿದೆ. ಅದಿಲ್ಲದಿದ್ದರೆ ತಟ್ಟೆಯನ್ನು ಬಿಚ್ಚಿ ತೂಗಬೇಕು. ಅನೇಕ ತಟ್ಟೆಗಳ ನಡುಭಾಗದ ಲೋಹದ ಮೇಲೆ ಕನಿಷ್ಠ ತೂಕವನ್ನು ಕೆತ್ತಿರುತ್ತಾರೆ. ಅದಕ್ಕಿಂತ ಇಳಿದರೆ ಬದಲಿಸಬೇಕು, ಇಳಿಯದಿದ್ದರೆ ಬೇಡ.

ತೂಕ ಎಂಬ ಮಾತು ಕಿವಿಗೆ ಬಿದ್ದಾಗ ನನ್ನ ಮೈ ಒಮ್ಮೆ ಜುಮ್ಮೆಂದಿತು. ಅಳತೆ ಮತ್ತು ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲಿಯೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, ಅಲ್ ಮುತಫ್ಫಿಫೀನ್. ಆ ವಾರ ಮದ್ರಸದಲ್ಲಿ ಐದನೇ ತರಗತಿಗೆ ಅದನ್ನೇ ಬಾಯಿಪಾಠ ಮಾಡಿಸುತ್ತಿದ್ದೆ. ಅಕ್ಕಿ, ಸಕ್ಕರೆ, ಮೀನು ಎಂದು ಮಕ್ಕಳಿಗೆ ಉದಾಹರಣೆ ಕೊಟ್ಟಿದ್ದೆ. ಬ್ರೇಕಿನ ತಟ್ಟೆ ನೆನಪಾಗುವುದಾದರೂ ಹೇಗೆ?

ಆದರೆ ಓದುಗರೇ, ಆ ರಾತ್ರಿ ನಾನು ಕೂಡಲೇ "ಸತ್ಯ ಹೇಳು" ಎನ್ನಲಿಲ್ಲ. ನನಗೆ ನನ್ನ ತಂಗಿಯ ಮನೆ ಕಣ್ಣಿಗೆ ಬಂತು. ಗೋಡೆ ಎದ್ದು ನಿಂತಿತ್ತು, ಸ್ಲ್ಯಾಬ್ ಬಿದ್ದಿರಲಿಲ್ಲ. ಅಡುಗೆಕೋಣೆಯ ಮೇಲೆ ಟಾರ್ಪಾಲು. ಅವಳ ಗಂಡ ತೀರಿಕೊಂಡ ಮೇಲೆ ಈ ಹುಡುಗ ಕಳುಹಿಸುವ ಹಣದಲ್ಲೇ ಎಲ್ಲವೂ. ಯಜಮಾನನ ಕೈಯಲ್ಲಿ ಅವನ ವೀಸಾ. ನನ್ನ ಮನೆಯ ಹಂಚಿನ ಮಾಡಿನ ಕೆಳಗೆ ಬೆಚ್ಚಗೆ ಕುಳಿತು ಅವನಿಗೆ ಧೈರ್ಯದ ಮಾತು ಹೇಳಲು ನನಗೆ ನಾಚಿಕೆಯಾಯಿತು. "ನಾಳೆ ಹೇಳುತ್ತೇನೆ" ಎಂದೆ. ಸುಬ್‌ಹ್‌ಗೆ ಮೊದಲು ಎದ್ದು ದುಆ ಮಾಡಿದೆ. ಮರುದಿನ ಅವನು ಕರೆದಾಗ ಇಷ್ಟೇ ಹೇಳಿದೆ: "ಸುಳ್ಳು ಹೇಳಬೇಡ. ಯಜಮಾನನ ಮೇಲೆ ದೂರನ್ನೂ ಹೇಳಬೇಡ. ತಟ್ಟೆಯನ್ನು ಆ ಮನುಷ್ಯನ ಕಣ್ಣೆದುರೇ ತಕ್ಕಡಿಗೆ ಹಾಕು. ಉಳಿದದ್ದನ್ನು ಅದೇ ಹೇಳಲಿ."

ಅವನು ಹಾಗೆಯೇ ಮಾಡಿದ. ನಾಲ್ಕೂ ತಟ್ಟೆಗಳು ಕೆತ್ತಿದ ತೂಕಕ್ಕಿಂತ ಮೇಲೆಯೇ ಇದ್ದವು. ಇಂಜಿನಿಯರ್ ಬಗ್ಗಿ ಅಂಕಿಗಳನ್ನು ತಾವೇ ಓದಿಕೊಂಡರಂತೆ. ನಿಧಾನದ ಟ್ರಾಫಿಕ್ಕಿನಲ್ಲಿ ಪ್ಯಾಡಿನ ಮೈ ಹೊಳಪುಗಟ್ಟಿತ್ತು. ಅವನ್ನು ತೆಗೆದು ಸೆರಾಮಿಕ್ಕಿಗೆಂದೇ ಇರುವ ಹೊಸ ಪ್ಯಾಡ್ ಹಾಕಿದರು. ಕೂಗು ಬಹುಪಾಲು ನಿಂತಿತು, ಪೂರ್ತಿ ಅಲ್ಲ. ತಣ್ಣಗಿರುವಾಗ ಸ್ವಲ್ಪ ಕೂಗುವುದು ಈ ಬ್ರೇಕಿನ ಸ್ವಭಾವವೇ. ಇಂಜಿನಿಯರ್ ಅವನ ಕೈ ಹಿಡಿದು ದುಆ ಮಾಡಿ ಹೋದರು.

ಯಜಮಾನ ಅಂದು ಏನೂ ಹೇಳಲಿಲ್ಲ. ಆ ತಿಂಗಳ ಸಂಬಳದಲ್ಲಿ ಹೆಚ್ಚುವರಿ ಹಣ ಬರಲಿಲ್ಲ. ಫೆಬ್ರವರಿಯಲ್ಲಿ ವೀಸಾ ಮುಗಿದಾಗ ನವೀಕರಿಸಲಿಲ್ಲ. ಹುಡುಗ ಎರಡು ಬ್ಯಾಗ್ ಹಿಡಿದು ಊರಿಗೆ ಬಂದ.

ತಂಗಿ ನನ್ನ ಮನೆಗೆ ಬಂದು ಜಗಲಿಯಲ್ಲೇ ನಿಂತು ಹೇಳಿದಳು: "ಅಣ್ಣ, ನಿಮ್ಮ ಮಸ್‌ಅಲ ಸರಿಯೇ ಇರಬಹುದು. ಮಳೆಗಾಲಕ್ಕೆ ನನ್ನ ಅಡುಗೆಕೋಣೆಗೆ ಬರುವ ನೀರಿಗೆ ಯಾವ ಮಸ್‌ಅಲ?" ನನ್ನಲ್ಲಿ ಉತ್ತರ ಇರಲಿಲ್ಲ. ಶಾಲೆಯ ಸೊಸೈಟಿಯಿಂದ ಸ್ವಲ್ಪ ಹಣ ತೆಗೆದು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಆ ರಮಝಾನಿನಲ್ಲಿ ಅವಳು ನಮ್ಮ ಮನೆಗೆ ಇಫ್ತಾರಿಗೂ ಬರಲಿಲ್ಲ. ಹುಡುಗ ಒಂದು ಮಾತೂ ನನ್ನನ್ನು ದೂರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾದದ್ದು. ಐದು ತಿಂಗಳು ಊರಿನ ಗ್ಯಾರೇಜಿನಲ್ಲಿ ದಿನಗೂಲಿಗೆ ಆಟೋರಿಕ್ಷಾಗಳ ಬ್ರೇಕ್ ಕಟ್ಟಿದ.

ಆಮೇಲೆ ಅಜ್ಮಾನಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಮೊದಲಿಗಿಂತ ಮುನ್ನೂರು ದಿರ್ಹಮ್ ಕಡಿಮೆ ಸಂಬಳ. ಅಲ್ಲಿಗೆ ಬರುವುದು ಹೆಚ್ಚಾಗಿ ಟ್ಯಾಕ್ಸಿಗಳು, ಡೆಲಿವರಿ ವ್ಯಾನುಗಳು. ಸೆರಾಮಿಕ್ ತಟ್ಟೆಯನ್ನು ಅವನು ಮತ್ತೆ ಕಂಡಿಲ್ಲವಂತೆ. 2023ರಲ್ಲಿ ಬೀಳಬೇಕಿದ್ದ ಸ್ಲ್ಯಾಬ್ 2024ರ ಏಪ್ರಿಲಿನಲ್ಲಿ ಬಿತ್ತು. ಕಾಂಕ್ರೀಟ್ ಹಾಕುವ ದಿನ ನನಗೂ ಕರೆ ಬಂತು. ಹೋದೆ. ತಂಗಿ ಹೆಚ್ಚು ಮಾತನಾಡಲಿಲ್ಲ, ಆದರೆ ಕೆಲಸದವರಿಗೆಂದು ಮಾಡಿದ ಗಂಜಿಯಲ್ಲಿ ಒಂದು ಬಟ್ಟಲು ತೆಗೆದು ನನ್ನ ಮುಂದೆ ತಂದಿಟ್ಟಳು.

ಮೊನ್ನೆ ಶುಕ್ರವಾರ ಹುಡುಗ ಫೋನ್ ಮಾಡಿದ್ದ. ಸಲಾಮ್ ಆದ ಕೂಡಲೇ ಅವನು ಕೇಳುವುದು ಈಗ ಒಂದೇ. "ಮಾಮ, ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ಆಯಿತಲ್ಲ?" ಓಮ್ನಿಯ ಡಬ್ಬಿಯಲ್ಲಿಟ್ಟಿದ್ದ ಚೀಟಿ ತೆಗೆದು ನೋಡಿದೆ. ಎರಡು ವರ್ಷ ಒಂದು ತಿಂಗಳು. ಶನಿವಾರ ಶಾಲೆ ಅರ್ಧ ದಿನ, ಮಧ್ಯಾಹ್ನದ ಮೇಲೆ ಗಾಡಿಯನ್ನು ಮೆಕ್ಯಾನಿಕ್‌ನಲ್ಲಿ ಬಿಡಬೇಕು.